ಮಾತು ಬಿದ್ದ ಜಾಗದಲ್ಲೇ ಹೇಳಬೇಕು

ಮೊನ್ನೆ ಸೊಸೆ ಹುಣಸೆಹಣ್ಣು ಬಿಡಿಸಿ ಬೀಜವನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿದ್ದಳು. ಮೊಮ್ಮಗಳು ಅದರಲ್ಲಿ ಒಂದು ಹಿಡಿ ತೆಗೆದು ಬಾಣಲೆಯಲ್ಲಿ ಹುರಿದಳು. ಆ ವಾಸನೆ ಅಡುಗೆಮನೆ ದಾಟಿ ಜಗಲಿಗೆ ಬಂದದ್ದೇ ತಡ, ನಾನು ಚನ್ನಗಿರಿಯಲ್ಲಿ ಇರಲೇ ಇಲ್ಲ. ಬಿಳಿಚೋಡಿನ ನಮ್ಮ ಓಣಿಯಲ್ಲಿ ಇದ್ದೆ, ಒಂಬತ್ತು ವರ್ಷದ ಹುಡುಗಿಯಾಗಿ... ನನಗೆ ಬರೆಯಲು ಅಷ್ಟಾಗಿ ಬರುವುದಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆದರೂ ಇದನ್ನು ಬರೆಯದೆ ಇರಲಾಗುತ್ತಿಲ್ಲ.

ನಮ್ಮ ಪಕ್ಕದ ಮನೆಯದು ಕಂಬಳಿ ನೇಯುವ ಮನೆ. ಆ ಮನೆಯಾಕೆಯನ್ನು ನಾವೆಲ್ಲ ದೊಡ್ಡವ್ವ ಎನ್ನುತ್ತಿದ್ದೆವು, ಆಕೆಯ ಗಂಡನನ್ನು ದೊಡ್ಡಪ್ಪ. ದೊಡ್ಡವ್ವ ಕದಿರು ಹಿಡಿದು ಉಣ್ಣೆ ನೂಲುತ್ತಿದ್ದಳು, ದೊಡ್ಡಪ್ಪ ಗುಂಡಿ ಮಗ್ಗದಲ್ಲಿ ಕೂತು ನೇಯುತ್ತಿದ್ದ. ಆಕೆಯ ನೂಲಿನಂಥ ನೂಲು ಸುತ್ತ ನಾಲ್ಕು ಹಳ್ಳಿಯಲ್ಲಿ ಇಲ್ಲ ಎಂದು ಕುರಿಯವರೇ ಹೇಳುತ್ತಿದ್ದರು. ಅಕ್ಷರ ಒಂದೂ ಬಾರದ ಆ ಹೆಂಗಸಿಗೆ ಇದ್ದ ಹೆಸರೆಂದರೆ ಅದೊಂದೇ.

ನೇಯುವುದಕ್ಕೆ ಮೊದಲು ಹಾಸನ್ನು, ಅಂದರೆ ಕಂಬಳಿಯ ಉದ್ದನೆಯ ಎಳೆಗಳನ್ನು, ಓಣಿಯ ಉದ್ದಕ್ಕೂ ಗೂಟಕ್ಕೆ ಕಟ್ಟಿ ಎಳೆಯುತ್ತಿದ್ದರು. ಹುಣಸೆಬೀಜ ಹುರಿದು, ಕುಟ್ಟಿ, ಬೇಯಿಸಿ ಮಾಡಿದ ಗಂಜಿಯನ್ನು ಅದಕ್ಕೆ ಬಳಿಯುತ್ತಿದ್ದರು. ಎಳೆಗೆ ಬಿಗಿ ಬರುವುದು ಅದರಿಂದಲೇ. ಹಾಸು ಎಳೆದ ದಿನ ಊರ ಗೌಡನಾದರೂ ಸುತ್ತಿಕೊಂಡು ಹೋಗಬೇಕು, ದಾಟುವ ಹಾಗಿಲ್ಲ. ಮಲಗಿದವರನ್ನು ದಾಟಿದ ಹಾಗೆ ಅದು.

ಅವತ್ತು ಎಳೆದಿದ್ದ ಹಾಸು ಒಂದು ಮದುವೆಯ ಕಂಬಳಿಯದು. ನಮ್ಮ ಕಡೆ ಹೆಣ್ಣುಗಂಡನ್ನು ಕರಿಕಂಬಳಿಯ ಮೇಲೆ ಕೂರಿಸುತ್ತಾರೆ. ದೊಡ್ಡವ್ವ ಅರ್ಧ ಬಳಿದು, ಇನ್ನಷ್ಟು ಗಂಜಿ ತರಲು ಒಳಗೆ ಹೋಗಿದ್ದಳು. ಅಷ್ಟರಲ್ಲಿ ಜಗಳೂರಿನ ರಸ್ತೆಯಲ್ಲಿ ಇದ್ದಿಲಿನಿಂದ ಓಡುವ ಬಸ್ಸು ಬಂದ ಸದ್ದು. ಅದರ ಬೆನ್ನಿಗೆ ಕಟ್ಟಿದ ಒಲೆ ನೋಡುವುದೆಂದರೆ ನಮಗೆ ಹಬ್ಬ. ಸುತ್ತಿ ಹೋದರೆ ಬಸ್ಸು ಹೋಗಿಬಿಡುತ್ತದೆ ಎಂದು ಹಾರಿದೆ... ಕಾಲು ಸಿಕ್ಕಿತು. ಎಳೆದುಕೊಂಡೆ. ಎಲ್ಲ ಸೇರಿ ಹನ್ನೆರಡು ಎಳೆ ಹರಿದವು.

ಆಮೇಲೆ ನಾನು ಮಾಡಿದ್ದು ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ. ನೆಲಕ್ಕೆ ಬಿದ್ದಿದ್ದ ಹಸಿ ಗಂಜಿ ಬಳಿದು, ಹರಿದ ತುದಿಗಳನ್ನು ಒಂದರ ಮೇಲೊಂದು ಇಟ್ಟು ಅಂಟಿಸಿಬಿಟ್ಟೆ. ಒಣಗಿದ ಮೇಲೆ ನೋಡಿದರೆ ಹರಿದದ್ದೇ ಗೊತ್ತಾಗಲಿಲ್ಲ. ಅವತ್ತು ಒಲೆಗೆ ಇದ್ದಿಲು ತುಂಬಲು ಬಸ್ಸು ನಿಂತಿತ್ತು, ಅದನ್ನೂ ನೋಡಿ ಬಂದೆ.

ಹಾಸು ಮಗ್ಗಕ್ಕೆ ಏರಿತು. ದೊಡ್ಡಪ್ಪ ನೇಯಲು ಶುರು ಮಾಡಿದಂತೆ ನಾನು ಅಂಟಿಸಿದ ಎಳೆಗಳು ಒಂದೊಂದಾಗಿ ಬಿಟ್ಟವು. ಎರಡು, ಮೂರು ಹೋದಾಗ ನೇಯುತ್ತಲೇ ಇದ್ದ. ಐದನೆಯದು ಹೋದಾಗ ಮಗ್ಗ ನಿಲ್ಲಿಸಿದ. ಮದುವೆ ಮನೆಯ ಯಜಮಾನರು ಜಗಲಿಯಲ್ಲೇ ಕೂತಿದ್ದರು.

"ಏನ್ ನೂಲಿದೀಯೇ? ಕಣ್ಣು ಮಂಜಾಗೈತೆ ನಿಂಗೆ. ಇನ್ನು ಕದಿರು ಮುಟ್ಟಬ್ಯಾಡ. ಬ್ಯಾರೆ ಮನೆ ನೂಲು ತರ್ತೀನಿ" ಎಂದ.

"ನೋಡಿ ನೂಲಿದ್ದೆ ಕಣ್ರೀ..."

"ಕಾಣಿಸಿದ್ರಲ್ಲ ನೋಡೋದು!" ಎಂದು ಯಜಮಾನರು ನಕ್ಕರು.

ಎರಡು ದಿನ ದೊಡ್ಡವ್ವ ಹಿತ್ತಿಲಲ್ಲಿ ಕೂತು ತನ್ನ ನೂಲನ್ನೇ ಬಿಸಿಲಿಗೆ ಹಿಡಿದು ನೋಡುತ್ತಿದ್ದಳು, ಬೆರಳಲ್ಲಿ ಜಗ್ಗುತ್ತಿದ್ದಳು. ತನ್ನ ಕೈಯ ಮೇಲೆ ಆಕೆಗೇ ನಂಬಿಕೆ ಹೋಗಿತ್ತು. ಮೂರನೆಯ ದಿನ ಕದಿರನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಇಡಲು ಹೊರಟಳು. ನನಗೆ ತಡೆಯಲಾಗಲಿಲ್ಲ. ಸೆರಗು ಹಿಡಿದು ಅಳುತ್ತಾ ಎಲ್ಲ ಹೇಳಿಬಿಟ್ಟೆ.

ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಆಕೆ ಮೊದಲು ನೆಲಕ್ಕೆ ಕೂತು ದೊಡ್ಡ ಉಸಿರು ಬಿಟ್ಟಳು. "ಹಂಗಾದ್ರೆ ನನ್ನ ಕಣ್ಣು ಚೆನ್ನಾಗೈತೆ" ಎಂದಳು. ಆಮೇಲೆ ನನ್ನ ಮೂಗು ಒರೆಸಿ, "ನಂಗೆ ಹೇಳಿದ್ದು ಆತು. ನನ್ನ ಮ್ಯಾಲೆ ಮಾತು ಬಿದ್ದಿದ್ದು ಎಲ್ಲಿ?"

"ಮಗ್ಗದ ಹತ್ರ."

"ಯಾರ್ಯಾರಿದ್ರು?"

"ದೊಡ್ಡಪ್ಪ... ಮದುವಿ ಮನಿಯೋರು."

"ಮತ್ತೆ ಇಲ್ಲಿ ಹಿತ್ತಿಲಾಗೆ ಅತ್ರೆ ಏನ್ ಬಂತವ್ವ? ಮಾತು ಎಲ್ಲಿ ಬಿದ್ದೈತೋ ಅಲ್ಲೇ ಹೋಗಿ ಎತ್ತಬೇಕು. ನಡಿ. ನಾನು ಹಿಂದೆ ಬರ್ತೀನಿ, ಮುಂದೆ ಬರಲ್ಲ."

ಯಜಮಾನರನ್ನು ಕರೆಸಿದಳು. ಅವರ ಎದುರೇ ಮಗ್ಗದ ಗುಂಡಿಯ ಅಂಚಲ್ಲಿ ನಿಂತು ಹೇಳಿದೆ. ದೊಡ್ಡಪ್ಪ ನನ್ನನ್ನು ಬೈಯಲಿಲ್ಲ. ಹೆಂಡತಿಯ ಮುಖ ನೋಡಲಾಗದೆ ತಲೆ ತಗ್ಗಿಸಿ, "ಕದಿರು ಎಲ್ಲೈತೆ? ತಗಂಡು ಬಾ" ಎಂದನಷ್ಟೇ.

ಆಮೇಲೆ ದೊಡ್ಡವ್ವ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹರಿದ ಎಳೆಯ ಎರಡೂ ತುದಿ ಬಿಡಿಸಿ ಹೊಸೆದು ಸೇರಿಸುವುದನ್ನು ಕಲಿಸಿದಳು. ಹನ್ನೆರಡೂ ಎಳೆಯನ್ನು ನನ್ನ ಕೈಯಲ್ಲೇ ಮಾಡಿಸಿದಳು. ಮದುವೆಯ ದಿನ ಆ ಕಂಬಳಿ ಹಾಸಿದಾಗ ಹೆಂಗಸರ ನಡುವೆ, "ಇದ್ರಾಗೆ ಹನ್ನೆರಡು ಎಳೆ ಈ ಹುಡುಗೀದು ಕಣ್ರವ್ವ" ಎಂದು ನನ್ನ ಬೆನ್ನು ತಟ್ಟಿದಳು. ಕೆಲವೇ ದಿನದ ಹಿಂದೆ ಕಳ್ಳಿಯಾಗಿದ್ದವಳು ಅವತ್ತು ಊರಗಲ ಮುಖ ಮಾಡಿಕೊಂಡು ನಿಂತಿದ್ದೆ.

ಈ ಕಥೆಯನ್ನು ಮೊಮ್ಮಗಳಿಗೆ ತಲೆ ಬಾಚುವಾಗ ಎಷ್ಟು ಸಲ ಹೇಳಿದ್ದೇನೋ. ಕೇಳುತ್ತಾಳೋ ಇಲ್ಲವೋ ಎಂದುಕೊಂಡಿದ್ದೆ. ಕಳೆದ ವಾರ ಶಾಲೆಯಲ್ಲಿ ಇವಳ ಕೈಜಾರಿ ಭೂಗೋಳದ ಗೋಳ ಒಡೆದಿದೆ. ಕಸ ಗುಡಿಸುವ ಆಯಾ ಒಡೆದಳೆಂದು ಪ್ರಾರ್ಥನೆಯ ಹೊತ್ತಿನಲ್ಲಿ ಮೇಷ್ಟ್ರು ಎಲ್ಲರೆದುರು ಆಕೆಯನ್ನು ಬೈದರಂತೆ. ಇವಳು ಆಫೀಸಿಗೆ ಹೋಗಿ ಗುಟ್ಟಾಗಿ ಹೇಳಬಹುದಿತ್ತು. ಹೇಳಲಿಲ್ಲ. ಮರುದಿನ ಪ್ರಾರ್ಥನೆ ಮುಗಿಯುವವರೆಗೆ ಕಾದು, ಸಾಲು ಬಿಟ್ಟು ಮುಂದೆ ಬಂದು, ಇಡೀ ಶಾಲೆಯ ಎದುರು ಹೇಳಿದಳಂತೆ. "ನಿಮ್ಮ ಮನೇಲಿ ಇದನ್ನ ಕಲಿಸಿದ್ದು ಯಾರು?" ಎಂದು ಮೇಷ್ಟ್ರು ನನ್ನ ಮಗನನ್ನು ಕೇಳಿದರಂತೆ.

ಅವತ್ತಿನಿಂದ ನನ್ನ ಕಾಲು ನೆಲದ ಮೇಲಿಲ್ಲ. ಹಾಲಿನವಳಿಗೆ ಹೇಳಿದೆ, ಕಿರಾಣಿ ಅಂಗಡಿಯವನಿಗೆ ಹೇಳಿದೆ, ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದ ಹೆಂಗಸಿಗೂ ಹೇಳಿದೆ. ಮಗ ನಗುತ್ತಾನೆ, ನಗಲಿ. ಆದರೆ ಈ ಸುದ್ದಿಯನ್ನು ಮೊದಲು ಕೇಳಬೇಕಾಗಿದ್ದವಳು ಹೋಗಿ ನಲವತ್ತು ವರ್ಷದ ಮೇಲಾಯಿತು. ಮಗ್ಗದ ಗುಂಡಿಯನ್ನೂ ಮುಚ್ಚಿದ್ದಾರಂತೆ, ಅಲ್ಲಿ ಈಗ ಯಾರೋ ಮನೆ ಕಟ್ಟಿದ್ದಾರಂತೆ... ಹೋಗಿ ಹೇಳೋಣವೆಂದರೆ ಜಾಗವೂ ಇಲ್ಲ.