ಪರಾತದ ಸಂದಿಯ ಹಿಟ್ಟು

ಹೋದ ವಾರ ಮೊಮ್ಮಗಳು ಮನೆಯಲ್ಲೇ ಬ್ರೆಡ್ ಮಾಡುತ್ತೇನೆಂದು ಮೈದಾ ಕಲಸಿ ಬೆಳಗಿನಿಂದ ಮುಚ್ಚಿಟ್ಟಿದ್ದಳು. ಸಂಜೆ ಮುಚ್ಚಳ ತೆಗೆದಾಗ ಹುಳಿ ವಾಸನೆ ಬಂತು. ಸೊಸೆ ಮೂಗು ಮುಚ್ಚಿಕೊಂಡಳು. ನನಗೆ ಖಾನಾಪುರದ ಖಾಲಾ ನೆನಪಾದಳು...

ಆಗ ನಾವು ಖಾನಾಪುರದಲ್ಲಿದ್ದೆವು. ನಮ್ಮ ಮನೆಗೂ ಆಕೆಯ ಮನೆಗೂ ನಡುವೆ ಒಂದೇ ಗೋಡೆ. ಮುಸಲ್ಮಾನರಾಕೆ, ಚಿಕ್ಕಮ್ಮ ಎಂಬಂತೆ ಓಣಿಯವರೆಲ್ಲ ಖಾಲಾ ಎನ್ನುತ್ತಿದ್ದೆವು. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವಳು, ಗಂಡ ಇರಲಿಲ್ಲ, ಒಬ್ಬಳೇ ಮಗಳು. ಹಿತ್ತಲಲ್ಲಿ ಮಣ್ಣಿನ ಭಟ್ಟಿ ಕಟ್ಟಿಸಿ ಪಾವ್ ಸುಡುತ್ತಿದ್ದಳು. ಮೊದಲ ಸಲ ತಿಂದಾಗ ನನಗೆ ಸೇರಲಿಲ್ಲ, ಸುಳ್ಳು ಯಾಕೆ ಹೇಳಲಿ. ಜೋಳದ ರೊಟ್ಟಿ ತಿಂದ ಬಾಯಿ ನಂದು. ಆಮೇಲೆ ರೂಢಿಯಾಯಿತು.

ಸಾಮಾನನ್ನು ಆಕೆ ಬಿಡಿಯಾಗಿ ತರುತ್ತಿರಲಿಲ್ಲ. ಓಣಿಯ ನಾಲ್ಕು ಮನೆ ಕೂಡಿಸಿ ಬೆಳಗಾವಿಯ ರವಿವಾರ ಪೇಟೆಯಿಂದ ಇಡೀ ಚೀಲ ಮೈದಾ ತರುವುದು, ಹಂಚಿಕೊಳ್ಳುವುದು. ಅಂಗಡಿಯಲ್ಲಿ ಚೀಲದ ಬಾಯಿ ಬಿಚ್ಚಿಸಿ ಮೊಣಕೈವರೆಗೆ ಕೈ ಇಳಿಸುತ್ತಿದ್ದಳು. ನಡುವಿನ ಹಿಟ್ಟು ತೆಗೆದು ಮುಷ್ಟಿ ಕಟ್ಟಿ, ಮೂಸಿ ನೋಡುವಳು.

"ಮ್ಯಾಲಿಂದೂ ಅದ ಹಿಟ್ಟಲ್ಲೇನ್ರಿ ಖಾಲಾ?" ಎಂದು ಒಮ್ಮೆ ಜೊತೆಗೆ ಹೋದಾಗ ಕೇಳಿದ್ದೆ.

"ಮ್ಯಾಲಿಂದು ಸಾವಕಾರನ ಮಾರಿ, ಬೇಟಿ. ನಡುವಿಂದು ಹಿಟ್ಟಿನ ಮಾರಿ."

ಅಂಗಡಿಯ ಸಾವಕಾರ ಬಿಡಲಿಲ್ಲ. "ತಳಾನೂ ನೋಡಿಬಿಡ್ರಿ ಬಾಯಾರ, ಚೀಲದಾಗ ಇಳದು!"

"ಇಳೀತೀನಿ, ನೀ ನನ್ನ ಕಾಲ ಹಿಡಕೊ," ಅಂದಳು. ಅಂಗಡಿಗೆ ಅಂಗಡಿಯೇ ನಕ್ಕಿತ್ತು.

ಖಾಲಿ ಚೀಲದ ಬಟ್ಟೆಯಲ್ಲಿ ನಾವು ಲಂಗ ಹೊಲಿದುಕೊಳ್ಳುತ್ತಿದ್ದೆವು. ಚೀಲದ ನೀಲಿ ಅಕ್ಷರ ಕುಂಡಿಯ ಮೇಲೇ ಬರುತ್ತಿತ್ತು. ಏನು ಬರೆದಿತ್ತೋ, ಆಗ ನನಗೆ ಓದಲು ಬರುತ್ತಿರಲಿಲ್ಲ.

ತುರ್ತು ಪರಿಸ್ಥಿತಿ ಮುಗಿದ ವರ್ಷವೋ ಅದರ ಮುಂದಿನದೋ... ಆಕೆಯ ಮಗಳ ಲಗ್ನ ಗೊತ್ತಾಯಿತು. ನಾಲ್ಕು ದಿನ ಉಳಿದಿತ್ತು. ಲಗ್ನಕ್ಕೆ ಮೈದಾ ಚೀಲ ತರಲು ಖಾಲಾ ಮಗಳನ್ನು ಕರೆದುಕೊಂಡು ಬೆಳಗಾವಿಗೆ ಹೋದಳು. ಮನೆಯ ಕೀಲಿ ನನ್ನ ಕೈಗೆ ಕೊಟ್ಟಳು. ದೀಪಾವಳಿಗೆಂದು ನಮ್ಮ ಮನೆ ತೊಳೆದು ಮುಗಿಸಿದ್ದೆ, ಕೈ ಸುಮ್ಮನಿರಲಿಲ್ಲ. ಬೀಗರು ಬರುವ ಮನೆ ಎಂದು ಆಕೆಯ ಅಡುಗೆಮನೆಗೂ ನುಗ್ಗಿದೆ. ಗೂಡಿನಲ್ಲಿ ಅರಿವೆ ಕಟ್ಟಿದ ಸಣ್ಣ ಗಡಿಗೆ. ಬಿಚ್ಚಿದರೆ ಹಳಸಿದ ಹಿಟ್ಟು, ಗುಳ್ಳೆ ಎದ್ದು ಸೇಂದಿಯಂತೆ ನಾರುತ್ತಿತ್ತು. ಪಾಪ, ಗಡಿಬಿಡಿಯಲ್ಲಿ ಮರೆತಿದ್ದಾಳೆ ಅಂದುಕೊಂಡೆ. ಹಿಟ್ಟನ್ನು ನಮ್ಮ ಎಮ್ಮೆಗೆ ಹಾಕಿ ಗಡಿಗೆಯನ್ನು ಬೂದಿ ಹಚ್ಚಿ ತಿಕ್ಕಿ ಬೋರಲು ಹಾಕಿದೆ. ಹಿಟ್ಟು ನಾದುವ ಕಟ್ಟಿಗೆಯ ಪರಾತವೂ ಇತ್ತು. ಅದು ಭಾರ, ನನಗೆ ಸೊಂಟ ನೋವು. ಮೇಲೆ ಮೇಲೆ ಒರೆಸಿ ಗೋಡೆಗೆ ಆನಿಸಿಟ್ಟೆ.

ಖಾಲಾ ಬಂದವಳು ಚೀಲ ಇಳಿಸಿ ಮೊದಲು ನೋಡಿದ್ದೇ ಗೂಡನ್ನು.

"ಗಡಿಗ್ಯಾಗಿಂದು ಎಲ್ಲೈತಿ?"

"ಹಳಸಿತ್ರಿ. ಎಮ್ಮಿಗೆ ಹಾಕಿದ್ನಿ."

ಆಕೆ ಮೈದಾ ಚೀಲದ ಮೇಲೆ ಕುಳಿತುಬಿಟ್ಟಳು. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಮಗಳು ಅಳುತ್ತ ಹೇಳಿದಳು. ಅದು ಅಜ್ಜಿಯ ಮನೆಯಿಂದ ಬಂದ ಹಿಟ್ಟು. ಪ್ರತಿ ಸಲ ಪಾವ್ ಮಾಡುವಾಗ ಒಂದು ಮುದ್ದೆ ಉಳಿಸಿ ಹೊಸ ಹಿಟ್ಟಿಗೆ ಬೆರೆಸುವುದು, ಮತ್ತೆ ಉಳಿಸುವುದು. ಹೆಣ್ಣುಮಗಳು ಗಂಡನ ಮನೆಗೆ ಹೋಗುವಾಗ ಅದರಲ್ಲೊಂದು ಮುದ್ದೆ ಜೊತೆಗೆ ಹೋಗಬೇಕು. ಅದು ಅವರ ಮನೆಯ ಪದ್ಧತಿ. ಹಿಟ್ಟು ಉಬ್ಬಿಸುವ ಪುಡಿ ಪೇಟೆಯಲ್ಲಿ ಸಿಗುತ್ತಿತ್ತು. ಇದು ಸಿಗುತ್ತಿರಲಿಲ್ಲ.

ನನಗೆ ಎಲ್ಲಿ ನಿಲ್ಲಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಆಕೆಯ ಕಣ್ಣು ಪರಾತದ ಮೇಲೆ ಬಿತ್ತು.

"ಅದನ್ನೂ ತಿಕ್ಕೀಯೇನ?"

"ಇಲ್ರಿ... ಬ್ಯಾಸರಾತು."

ಎದ್ದು ಹೋಗಿ ಪರಾತವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಬಿರುಕಿನ ಸಂದಿಗಳಲ್ಲಿ ಒಣಗಿ ಹಿಡಿದಿದ್ದ ಹಿಟ್ಟನ್ನು ದಬ್ಬಣದಿಂದ ಕೆದರಿದಳು. ಒಂದು ಚಿಟಿಕೆ ಬಂತು. ಉಗುರುಬೆಚ್ಚಗಿನ ನೀರು, ಹೊಸ ಮೈದಾ, ಒಲೆಯ ಬಾಜು ಜಾಗ. ಎರಡು ದಿನ ಏನೂ ಆಗಲಿಲ್ಲ. ನಾನು ಊಟ ಸರಿಯಾಗಿ ಮಾಡಲಿಲ್ಲ. ಮೂರನೆಯ ದಿನ ಮುಂಜಾನೆ ಗೋಡೆಯಾಚೆಯಿಂದ ಕೂಗಿದಳು, "ಬಾರ ಇಲ್ಲೆ!" ಹೋಗಿ ನೋಡಿದರೆ ಗಡಿಗೆಯಲ್ಲಿ ಗುಳ್ಳೆ.

"ನೀ ಪೂರಾ ಚೊಕ್ಕ ಹೆಣಮಗಳಾಗಿದ್ರ ನನ್ನ ಮಗಳು ಬರೇ ಕೈಲೆ ಹೋಗ್ತಿದ್ಲು ನೋಡ. ಅಲ್ಲಾ ನಿನ್ನ ಮೈಗಳ್ಳತನಾ ಹಿಂಗ ಇಡ್ಲಿ," ಅಂದಳು.

ಮಗಳು ಮುದ್ದೆ ತೆಗೆದುಕೊಂಡೇ ಹೋದಳು. ಒಂದು ಮುದ್ದೆ ನನ್ನ ಮನೆಗೂ ಬಂತು. "ಒಂದ ಮನ್ಯಾಗ ಇಟ್ರ ನಿನ್ನಂಥಾಕಿ ಬಂದು ತೊಳೀತಾಳ," ಎಂದು ಆಕೆಯ ಲೆಕ್ಕ. ಆಮೇಲೆ ನನ್ನದು ಕೆಟ್ಟರೆ ಆಕೆಯ ಹತ್ತಿರದಿಂದ ಒಂದು ಮುದ್ದೆ ತರುತ್ತಿದ್ದೆ, ಆಕೆಯದು ಕೆಟ್ಟರೆ ಆಕೆ ನನ್ನ ಹತ್ತಿರದಿಂದ.

ಹಾಗೇ ಏಳೆಂಟು ವರ್ಷ ನಡೆಯಿತು. ಒಂದು ಮಳೆಗಾಲ ಜ್ವರ ಬಂದು ಖಾಲಾ ಹೋದಳು. ಮಗಳು ಮನೆ ಮಾರಿದಳು. ಹೋಗುವಾಗ ಪರಾತ ನನಗೆ ಕೊಟ್ಟಳು. ಮುಂದೆ ಆಕೆಯ ಪತ್ತೆಯೂ ತಪ್ಪಿತು. ಮರುವರ್ಷ ಬೇಸಿಗೆಯಲ್ಲಿ ಕಣ್ಣಿನ ಆಪರೇಶನ್‌ಗೆ ಬೆಳಗಾವಿಗೆ ಬಂದು ಹತ್ತು ದಿನ ಉಳಿದೆ. ತಿರುಗಿ ಹೋಗುವಷ್ಟರಲ್ಲಿ ನನ್ನ ಗಡಿಗೆಯಲ್ಲಿ ಹುಳ ಬಿದ್ದಿತ್ತು. ಖಾಲಾನ ಹತ್ತಿರ ಮುದ್ದೆ ತರಲೆಂದು ತಟ್ಟೆ ಹಿಡಿದು ಗೋಡೆಯತ್ತ ನಾಲ್ಕು ಹೆಜ್ಜೆ ನಡೆದೂ ಬಿಟ್ಟಿದ್ದೆ...

ಈಗ ಬೆಳಗಾವಿಯ ರಾಮತೀರ್ಥ ನಗರದ ಮಗನ ಮನೆಯಲ್ಲಿ ಆ ಪರಾತದಲ್ಲಿ ಉಳ್ಳಾಗಡ್ಡಿ ಇಡುತ್ತಾರೆ. ಮೊಮ್ಮಗಳ ಹಿಟ್ಟು ಮೂಸಿದ ಸಂಜೆಯೇ ಉಳ್ಳಾಗಡ್ಡಿ ಸುರುವಿ, ದಬ್ಬಣ ಹುಡುಕಿ, ಸಂದಿ ಕೆದರಿದೆ. ಉಗುರುಬೆಚ್ಚಗಿನ ನೀರು, ಹೊಸ ಮೈದಾ ಹಾಕಿ, ಮೂರು ದಿನ ಸಾಲದೆಂದು ನಾಲ್ಕು ದಿನ ಕಾದೆ. ಬರೀ ನಾರಿತು, ಉಬ್ಬಲಿಲ್ಲ.

ಪರಾತವನ್ನು ನಾನೇ ಪಾತ್ರೆ ತೊಳೆಯುವ ಮೋರಿಗೆ ಒಯ್ದು ತಿಕ್ಕಿದೆ. ಈ ಸಲ ಸಂದಿಗಳನ್ನೂ ಬಿಡಲಿಲ್ಲ.