ಹಲ್ಲು ಕೂಡದ ಶಾಫ್ಟು

ಮಾಸೂರಿನ ರೈತ ಹೆಣ್ಣುಮಗಳೊಬ್ಬಳು ತನ್ನ ಹಳೆಯ ಪಿಕಪ್ ಗಾಡಿಯನ್ನು ಅಕ್ಕಿಆಲೂರಿನ ನನ್ನ ಗ್ಯಾರೇಜಿಗೆ ತಂದಳು. ಮದಗದ ಕೆರೆಯ ನೀರುಣ್ಣುವ ಗದ್ದೆ ಅವಳದು. ಭತ್ತ ಹೇರಿದರೆ ಸಾಕು, ಹಿಂದಿನ ಗಾಲಿಗಳು ಕೆಸರಲ್ಲಿ ಹೂತು ನಿಂತಲ್ಲೇ ತಿರುಗುತ್ತಿದ್ದವು. "ನಾಕೂ ಗಾಲಿ ಎಳಿಯೂಹಂಗ ಮಾಡಿಕೊಡ್ರಿ," ಅಂದಳು.

"ಆತು, ಮಾಡ್ತೇನಿ," ಅಂದುಬಿಟ್ಟೆ. ಅಂಥ ಕೆಲಸ ಅದುವರೆಗೂ ಮಾಡಿರಲಿಲ್ಲ.

ಮುಂದಿನ ಗಾಲಿಗೂ ಶಕ್ತಿ ಹಂಚುವ ಪೆಟ್ಟಿಗೆ, ಮುಂದಿನ ಆಕ್ಸೆಲ್ ಎರಡನ್ನೂ ಗುಜರಿಯಲ್ಲಿ ಹುಡುಕಿ ತಂದೆ. ಗೇರ್ ಬಾಕ್ಸ್ ಪೂರ್ತಿ ಬಿಚ್ಚಿ, ಹಿಂದಕ್ಕೆ ಚಾಚಿದ್ದ ಉದ್ದನೆಯ ಶಾಫ್ಟ್ ತೆಗೆದು ಗಿಡ್ಡನೆಯದೊಂದನ್ನು ಹಾಕಿದೆ. ಆದರೆ ಅದರ ತುದಿಯ ಹಲ್ಲು ಪೆಟ್ಟಿಗೆಯ ಹಲ್ಲಿಗೆ ಕೂಡಲೇ ಇಲ್ಲ. ಹದಿನೈದು ದಿನ ಎಲ್ಲ ಗೋಣಿತಾಟಿನ ಮೇಲೆ ಬಿದ್ದಿತ್ತು. ಕೊಯ್ಲು ಹತ್ತಿರ ಬಂತು. ಆಕೆ ಫೋನ್ ಮಾಡಿದಾಗಲೆಲ್ಲ "ನಾಳೆ ಆಗ್ತೈತಿ" ಅನ್ನುತ್ತಿದ್ದೆ. ಹಲ್ಲುಗಳನ್ನೇ ಸವೆಸಿ ಕೂಡಿಸಿಬಿಡೋಣ ಅನಿಸತೊಡಗಿತು.

ಕೊನೆಗೆ ಶಾಫ್ಟನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಸವಣೂರಿಗೆ ಹೋದೆ. ನನಗೆ ಪಾನಾ ಹಿಡಿಯಲು ಕಲಿಸಿದ ಉಸ್ತಾದರು ಅಲ್ಲಿದ್ದರು. ನಾಲ್ಕು ವರ್ಷದ ಹಿಂದೆ ಅವರಿಗೊಂದು ಮಾತೂ ಹೇಳದೆ ಬಿಟ್ಟು ಬಂದು ಸ್ವಂತ ಗ್ಯಾರೇಜು ಹಾಕಿದ್ದೆ. ಆಮೇಲೆ ಮುಖ ತೋರಿಸಿರಲಿಲ್ಲ.

ಅವರು ನನ್ನನ್ನು ನೋಡಲಿಲ್ಲ, ಚೀಲ ನೋಡಿದರು. "ತಗಿ, ಏನೈತಿ?"

ಶಾಫ್ಟ್ ಕೊಟ್ಟು, ಅದು ಯಾವ ಪೆಟ್ಟಿಗೆಗೆ ಕೂಡುತ್ತಿಲ್ಲ ಅಂತ ಹೇಳಿದೆ. ಅವರು ಹಲ್ಲುಗಳ ಮೇಲೆ ಹೆಬ್ಬೆರಳಾಡಿಸಿ, "ಸವಸಿಲ್ಲ ಹೌದಿಲ್ಲೋ?" ಅಂದರು.

"ಇಲ್ರಿ ಉಸ್ತಾದ."

"ಪಾಡಾತು. ಸವಸಿದ್ರ ವಾರದಾಗ ಮುರೀತಿತ್ತು. ಇದನ್ನ ಮುಟ್ಟಬ್ಯಾಡ. ಇದಕ್ಕ ಹೊಂದೂ ಗೇರ್ ಆ ಪೆಟಗಿ ಒಳಗ ಹಾಕು."

ಹಳೆಯ ಡಬ್ಬಿಗಳನ್ನು ಜಾಲಾಡಿ ತಾವೇ ಒಂದು ಗೇರ್ ತಂದು ಶಾಫ್ಟಿಗೆ ಏರಿಸಿದರು. ಗಚ್ಚನೆ ಕೂತಿತು. "ಹೇಳದ ಹೋದದ್ದು ತಪ್ಪಾತ್ರಿ," ಅಂದೆ.

"ಹೇಳಿದ್ರ ಒಂದು ಜಾಕ್ ಕೊಟ್ಟು ಕಳಸ್ತಿದ್ದೆ," ಅಂದರು. ಗೇರನ್ನೂ ಶಾಫ್ಟನ್ನೂ ನನ್ನ ಚೀಲಕ್ಕೆ ಹಾಕಿ, "ಚಾ ಕುಡೀತಿ ಏನು?"

ಎಲ್ಲ ಜೋಡಿಸಿ ನಾಲ್ಕನೆಯ ದಿನ ಮಾಸೂರಿಗೆ ಹೋದೆ. ಮರಳಿನ ಚೀಲ ಹೇರಿ, ಗಾಡಿಯನ್ನು ಬೇಕಂತಲೇ ಕೆಸರಿಗೆ ಇಳಿಸಿದೆ. ಆಕೆ ಬದುವಿನ ಮೇಲೆ ನಿಂತಿದ್ದಳು. ಹೊಸ ಲಿವರ್ ಎಳೆದೆ. ಮುಂದಿನ ಗಾಲಿಗಳು ಒಮ್ಮೆ ಕೆಸರು ಚಿಮ್ಮಿಸಿ ನೆಲ ಹಿಡಿದವು. ಗಾಡಿ ನಿಧಾನಕ್ಕೆ ದಂಡೆ ಏರಿತು. ಇಳಿದು ಗಾಡಿಯ ಕೆಳಗೆ ಬಗ್ಗಿ ನೋಡಿದೆ. ಒಂದು ಹನಿ ಎಣ್ಣೆಯೂ ಸೋರಿರಲಿಲ್ಲ. ಅಲ್ಲೇ ಕೂತುಬಿಟ್ಟೆ.

"ಯಾಕ್ರಿ, ಏನಾತು?" ಆಕೆ ಗಾಬರಿಯಾಗಿ ಓಡಿಬಂದಳು.

"ಏನಿಲ್ಲ ಯವ್ವಾ," ಅಂದೆ. "ಹಸಿವಾಗೈತಿ. ಮನ್ಯಾಗ ರೊಟ್ಟಿ ಅದಾವೇನು?"