ನಾಗನಲ್ಲದ ಹಾವು

ಬಿಜೈಯ ಹಳೆಯ ಕಟ್ಟಡವೊಂದರಲ್ಲಿ ನಾನು ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಒಂದು ಬೆಳಿಗ್ಗೆ ವನ್ಯಜೀವಿ ಸಂರಕ್ಷಣೆಯ ಪಾಠ ನಡೆಯುತ್ತಿದ್ದಾಗಲೇ ಕಪಾಟಿನ ಹಿಂದಿನಿಂದ ಉದ್ದದ ಹಾವೊಂದು ಹೊರಬಂತು. ಕೂಗು ಕೇಳಿ ಕಟ್ಟಡದ ಯಜಮಾನರು ದೊಣ್ಣೆ ಹಿಡಿದು ಓಡಿಬಂದರು. ಆದರೆ ಹೊಡೆಯುವ ಮೊದಲು, “ಸರ್, ಇದು ನಾಗನಾ?” ಎಂದು ಕೇಳಿದರು. ನಾಗನಾದರೆ ಅವರು ಕೈ ಮುಗಿಯುತ್ತಾರೆ, ಅಲ್ಲದಿದ್ದರೆ ಹಾವು ಉಳಿಯುವುದಿಲ್ಲ.

“ಹೌದು ಅಂತ ಹೇಳಿಬಿಡಿ ಸರ್,” ಎಂದು ಯಾರೋ ಪಿಸುಗುಟ್ಟಿದರು. ನಾನೂ ಹಾಗೆಯೇ ಹೇಳುವವನಿದ್ದೆ.

ಅಷ್ಟರಲ್ಲಿ ಜೆಪ್ಪುವಿನ ಲವೀನಾ ಎದ್ದಳು. ಅರಣ್ಯ ರಕ್ಷಕ ಹುದ್ದೆಗೆ ಓದುತ್ತಿದ್ದವಳು. ದೊಣ್ಣೆಗೂ ಹಾವಿಗೂ ನಡುವೆ ಬಂದು ನಿಂತು, “ನಾಗ ಅಲ್ಲ ಅಂಕಲ್, ಕೇರೆ. ವಿಷ ಇಲ್ಲ,” ಎಂದಳು.

“ಹಾಗಾದ್ರೆ ಬದಿಗೆ ಸರಿ ಮಾರಾಯ್ತಿ!”

“ವಿಷ ಇರುವುದಕ್ಕೆ ಕೈ ಮುಗಿತೀರಿ. ಇಲ್ಲದ್ದಕ್ಕೆ ಎಂತಕ್ಕೆ ದೊಣ್ಣೆ?”

ಯಜಮಾನರು ದೊಣ್ಣೆ ಕೆಳಗಿಳಿಸಿದರು. ಆಮೇಲೆ ಅದೇ ದೊಣ್ಣೆಯಿಂದ ಹಿಂಬಾಗಿಲು ತಳ್ಳಿ ತೆರೆದರು. ಕೇರೆ ಹಿತ್ತಲಿಗೆ ಇಳಿದು ಹೋಯಿತು.

ಈಗ ಕಟ್ಟಡದಲ್ಲಿ ಚೇಳು ಕಂಡರೂ ಅವರು ಲವೀನಾಳಿಗೇ ಫೋನ್ ಮಾಡುತ್ತಾರೆ. ನನಗೆ ಮಾಡುವುದು ನೀರಿನ ಟ್ಯಾಂಕ್ ತುಂಬಿ ಹರಿದಾಗ ಮಾತ್ರ.